ಗಾಜಿನಂಗಡಿಯ ಜಾಹೀರಾತು, ಅದರೊಳಗೊಂದು ಆಲ್ಬಂ

2023ರ ಆಗಸ್ಟ್ ತಿಂಗಳ ನಡುಭಾಗದಲ್ಲಿ, ಪೂರ್ವ ಲಂಡನ್ನಿನ ‘ಹ್ಯಾಕ್ನಿ ಗೆಜೆಟ್’ ಎಂಬ ಸ್ಥಳೀಯ ಪತ್ರಿಕೆಯಲ್ಲಿ ಗಾಜು ರಿಪೇರಿ ಅಂಗಡಿಯೊಂದರ ಜಾಹೀರಾತು ಪ್ರಕಟವಾಯಿತು. ಅಂಗಡಿಯ ಹೆಸರು ‘ಹ್ಯಾಕ್ನಿ ಡೈಮಂಡ್ಸ್’. ವಿಳಾಸ ಮೇರ್ ಸ್ಟ್ರೀಟ್. ಸೆಪ್ಟೆಂಬರಿನಲ್ಲಿ ಆರಂಭ, ಸ್ಥಾಪನೆ 1962, ಕೆಳಗೊಂದು ದೂರವಾಣಿ ಸಂಖ್ಯೆ ಮತ್ತು ವೆಬ್‌ಸೈಟಿನ ವಿಳಾಸ. ಇನ್ನೂ ಬಾಗಿಲು ತೆರೆಯದ ಅಂಗಡಿ 1962ರಲ್ಲೇ ಸ್ಥಾಪನೆಯಾದದ್ದು ಹೇಗೆ ಎಂಬ ಪ್ರಶ್ನೆ ಎದ್ದವರು ಮತ್ತೊಮ್ಮೆ ಓದಿರಬೇಕು. ಹಾಗೆ ಓದಿದವರಿಗೆ, ತೃಪ್ತಿಯ ಭರವಸೆ, ಆಸರೆ ಕೇಳುವ ಗ್ರಾಹಕ, ಒಡೆದು ಚೂರಾದ ಕಿಟಕಿ ಎಂದು ಸಾಲುಸಾಲಾಗಿ ಬರುವ ಮಾತುಗಳು ಗಾಜಿನ ವ್ಯಾಪಾರಿಯ ಮಾತುಗಳಲ್ಲವೆಂದೂ ಬ್ರಿಟನ್ನಿನ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ಸಂಗೀತ ತಂಡದ ಹಳೆಯ ಹಾಡುಗಳ ಹೆಸರುಗಳೆಂದೂ ಹೊಳೆದಿತ್ತು. 1965ರ ‘ಸ್ಯಾಟಿಸ್‌ಫ್ಯಾಕ್ಷನ್’, 1969ರ ‘ಗಿಮ್ಮಿ ಶೆಲ್ಟರ್’, 1978ರ ‘ಶ್ಯಾಟರ್ಡ್’ ಮೂರೂ ಒಂದೇ ಜಾಹೀರಾತಿನ ಎರಡು ವಾಕ್ಯಗಳಲ್ಲಿ ಕುಳಿತಿದ್ದವು. ಅಂಗಡಿಯ ಹೆಸರಿನಲ್ಲಿ ಬರುವ ಇಂಗ್ಲಿಷಿನ ‘ಐ’ ಅಕ್ಷರದ ತಲೆಯ ಮೇಲೆ ಚುಕ್ಕೆಯ ಬದಲು ತುಟಿ ತೆರೆದು ನಾಲಗೆ ಚಾಚಿದ ಆ ತಂಡದ ಪ್ರಸಿದ್ಧ ಲಾಂಛನವಿತ್ತು. 1962 ತಂಡ ಹುಟ್ಟಿದ ವರ್ಷ.

ಸುಮಾರು ಮೂರು ವಾರಗಳ ನಂತರ, ಸೆಪ್ಟೆಂಬರ್ 6ರಂದು, ‘ಹ್ಯಾಕ್ನಿ ಡೈಮಂಡ್ಸ್’ ಎಂಬ ಹೆಸರಿನಲ್ಲಿ ಹೊಸ ಆಲ್ಬಂ ಬರುತ್ತಿದೆಯೆಂದು ತಂಡ ಘೋಷಿಸಿತು. ಅಕ್ಟೋಬರ್ 20ಕ್ಕೆ ಅದು ಬಿಡುಗಡೆಯಾಯಿತು. ಆಲ್ಬಮ್ಮಿನ ಬಗ್ಗೆ ಎಲ್ಲ ಭಾಷೆಗಳಲ್ಲೂ ಬೇಕಾದಷ್ಟು ವಿಮರ್ಶೆಗಳು ಬಂದಿವೆ. ನಾನಿಲ್ಲಿ ವಿಮರ್ಶಿಸಲು ಹೊರಟಿರುವುದು ಅದಕ್ಕೂ ಮುಂಚಿನ ಆ ಮೂರು ವಾರಗಳ ಟೀಸರ್ ಪ್ರಚಾರವನ್ನು, ಅಂದರೆ ಸುದ್ದಿಯನ್ನು ಪೂರ್ತಿ ಬಿಟ್ಟುಕೊಡದೆ ಕುತೂಹಲ ಕೆರಳಿಸುವ ಪ್ರಚಾರವನ್ನು. ಪ್ರಚಾರವೂ ಕೇಳುಗನ ಸಮಯವನ್ನು, ಗಮನವನ್ನು ಕೇಳಿ ಪಡೆಯುತ್ತದೆ. ಆದ್ದರಿಂದ ಅದು ಕೇಳುಗನಿಗೆ ತಿರುಗಿ ಏನು ಕೊಟ್ಟಿತು ಎಂದು ಕೇಳುವ ಹಕ್ಕು ನಮಗಿದೆ. ಲಂಡನ್ನಿನ ಬೀದಿಗಳನ್ನು ಕಂಡರಿಯದ, ತುಮಕೂರಿನಲ್ಲಿ ಕುಳಿತು ಫೋನಿನಲ್ಲೇ ಈ ಸಂಗೀತವನ್ನು ಕೇಳುವ ನಮ್ಮಂಥವರಿಗೆ ಆ ಪ್ರಶ್ನೆ ಇನ್ನಷ್ಟು ಮುಖ್ಯವಾದದ್ದು.

ಮೊದಲು ಲಾಂಛನದ ಬಗ್ಗೆ ಒಂದು ಮಾತು, ಏಕೆಂದರೆ ಅದು ನಮಗೂ ಸಂಬಂಧಪಟ್ಟದ್ದು. 1970ರಲ್ಲಿ ಜಾನ್ ಪಾಶ್ ಎಂಬ ಕಲಾವಿದ್ಯಾರ್ಥಿ ಅದನ್ನು ರಚಿಸುವಾಗ, ಗಾಯಕ ಮಿಕ್ ಜಾಗರ್ ಆತನಿಗೆ ತೋರಿಸಿದ್ದು ನಾಲಗೆ ಚಾಚಿದ ಕಾಳಿಯ ಚಿತ್ರವನ್ನು. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ನಾವು ಚಿಕ್ಕಂದಿನಿಂದ ನೋಡುತ್ತ ಬಂದಿರುವ ರೂಪವೇ ಐವತ್ತು ವರ್ಷಗಳ ನಂತರ ಹ್ಯಾಕ್ನಿಯ ಪತ್ರಿಕೆಯೊಂದರಲ್ಲಿ ಒಂದು ಅಕ್ಷರದ ಚುಕ್ಕೆಯಾಗಿ ಬಂದು ಕುಳಿತಿತ್ತು. 2003ರ ಏಪ್ರಿಲ್ 4ರಂದು ಈ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ತುಮಕೂರಿನಿಂದ ಎಪ್ಪತ್ತು ಕಿಲೋಮೀಟರ್ ದೂರ ಹೋಗಿ ಕೇಳಿ ಬಂದವರಿದ್ದಾರೆ. ಅವರ ಪೈಕಿ ಕೆಲವರು ಇಂದಿಗೂ ಆ ಲಾಂಛನದ ಟೀ ಶರ್ಟನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅಂಥವರ ಫೋನಿಗೆ ಈ ಜಾಹೀರಾತಿನ ಚಿತ್ರ ಬಂದಾಗ ಅದನ್ನು ಬಿಡಿಸಲು ಅವರಿಗೆ ಯಾರ ನೆರವೂ ಬೇಕಾಗಲಿಲ್ಲ.

ಈ ಪ್ರಚಾರದ ಮೊದಲನೆಯ ಗುಣ ಅದೇ. ಒಗಟನ್ನು ಬಿಡಿಸುವ ಕೀಲಿ ಹಾಡುಗಳನ್ನು ಪ್ರೀತಿಸಿದವರ ಬಳಿ ಮೊದಲೇ ಇತ್ತು. ಅದಕ್ಕಾಗಿ ಸಂಕೇತಶಾಸ್ತ್ರ ಓದಬೇಕಾಗಿರಲಿಲ್ಲ, ದುಬಾರಿ ಟಿಕೆಟ್ಟು ಕೊಂಡು ಯಾವುದೋ ಊರಿನ ಸಭಾಂಗಣದಲ್ಲಿ ಇರಬೇಕಾಗಿರಲಿಲ್ಲ. ಅರವತ್ತು ವರ್ಷಗಳಿಂದ ರೇಡಿಯೊದಲ್ಲೋ ಕ್ಯಾಸೆಟ್ಟಿನಲ್ಲೋ ಕೇಳಿ ಬಾಯಿಪಾಠವಾದ ಹಾಡುಗಳ ಹೆಸರೇ ಸಾಕಾಗಿತ್ತು. ಹಳೆಯ ಕೇಳುಗರನ್ನು ಗೌರವಿಸುವ ರೀತಿ ಇದು. ನೀವು ಇಷ್ಟು ಕಾಲ ನಮ್ಮೊಡನೆ ಇದ್ದೀರಿ, ಆದ್ದರಿಂದ ಈ ಸುದ್ದಿ ಮೊದಲು ನಿಮಗೇ ತಿಳಿಯಲಿ ಎಂದು ಹೇಳಿದಂತೆ ಇತ್ತು.

ಎರಡನೆಯ ಗುಣ, ಅವರು ಆರಿಸಿಕೊಂಡ ಜಾಗ. ಜಿಲ್ಲಾ ಪತ್ರಿಕೆಯ ಒಳಪುಟ ಹೇಗಿರುತ್ತದೆಂಬುದು ತುಮಕೂರಿನವರಿಗೆ ಚೆನ್ನಾಗಿ ಗೊತ್ತು. ಸೈಟು ಮಾರಾಟಕ್ಕಿದೆ, ಅಡಿಕೆ ಸಸಿಗಳು ದೊರೆಯುತ್ತವೆ, ಬೋರ್‌ವೆಲ್ ಮೋಟರು ಎತ್ತಿಕೊಡಲಾಗುವುದು, ಹೆಸರು ಬದಲಾವಣೆಯ ಅಫಿಡವಿಟ್, ಶ್ರದ್ಧಾಂಜಲಿ. ಇವುಗಳ ನಡುವೆ ಒಂದು ಗಾಜಿನಂಗಡಿಯ ಜಾಹೀರಾತು ಇದ್ದರೆ ಯಾರೂ ಎರಡನೆಯ ಸಲ ನೋಡುವುದಿಲ್ಲ. ಹ್ಯಾಕ್ನಿಯ ಓದುಗರ ವಿಷಯದಲ್ಲೂ ಅದು ಹಾಗೆಯೇ ಇರಬೇಕು. ಜಗತ್ತಿನಾದ್ಯಂತ ಕೋಟ್ಯಂತರ ಜನರನ್ನು ಏಕಕಾಲಕ್ಕೆ ತಲುಪಬಲ್ಲ ತಂಡವೊಂದು, ತನ್ನ ಸುದ್ದಿಯನ್ನು ಮೊದಲು ಒಂದು ಬಡಾವಣೆಯ ಪತ್ರಿಕೆಯ ಓದುಗರ ಕಣ್ಣಿಗೆ ಬಿಟ್ಟು, ಅವರಿಂದ ಅದು ಜಗತ್ತಿಗೆ ಹರಡಲಿ ಎಂದು ಕಾಯಿತು. ಅಂತರಜಾಲದ ಪ್ರಚಾರವೆಂದರೆ ಎಲ್ಲರ ಮೊಬೈಲಿಗೆ ಒಂದೇ ಕ್ಷಣದಲ್ಲಿ ಒಂದೇ ಚಿತ್ರ ಬಂದು ಬೀಳುವುದು ಎಂಬ ರೂಢಿಯಿರುವ ಕಾಲದಲ್ಲಿ ಈ ತಾಳ್ಮೆ ನನಗೆ ಬಹಳ ಹಿಡಿಸಿತು.

ಜಾಹೀರಾತಿನ ಚಿತ್ರವನ್ನು ಮಂಡಿಪೇಟೆಯ ಕಡೆ ಗಾಜು ಮತ್ತು ಪ್ಲೈವುಡ್ ವ್ಯಾಪಾರ ನಡೆಸುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರಿಗೆ ರಾಕ್ ಸಂಗೀತದ ಪರಿಚಯವಿಲ್ಲ. ತಂಡದ ಹೆಸರನ್ನೂ ಕೇಳಿದವರಲ್ಲ. ನಾನು ಏನೂ ಹೇಳದೆ, ಇದು ಹೇಗಿದೆ ನೋಡಿ ಎಂದು ಕೊಟ್ಟೆ, ಸಾಲುಗಳ ಅರ್ಥವನ್ನು ಅವರ ಮಗ ಓದಿ ಹೇಳಿದ. ಕನ್ನಡಕ ಹಣೆಗೇರಿಸಿ, ಫೋನನ್ನು ಹತ್ತಿರ ಹಿಡಿದು ನೋಡಿ ಅವರು ಹೇಳಿದ್ದಿಷ್ಟು: “ಅಳತೆ ತಗೊಳ್ಳೋಕೆ ಮನೆಗೇ ಬರ್ತೀವಿ ಅಂತ ಎಲ್ಲೂ ಬರೆದಿಲ್ಲವಲ್ಲ ಸಾರ್. ಎಷ್ಟು ಎಂಎಂ ಗ್ಲಾಸು, ಚದರಡಿಗೆ ಎಷ್ಟು, ಟಫನ್ಡ್ ಹಾಕ್ತಾರಾ ಇಲ್ಲವಾ, ಒಂದೂ ಇಲ್ಲ. ಗ್ಲಾಸಿನವನು ಹಿಂಗೆ ಬರೆಸಲ್ಲ. ಇದು ಯಾರೋ ಬೇರೆಯವರು ಬರೆಸಿರೋದು.” ಹಾಡೊಂದನ್ನೂ ಕೇಳದ ಮನುಷ್ಯ, ತನ್ನ ಕಸುಬಿನ ತಿಳಿವಳಿಕೆಯೊಂದರಿಂದಲೇ ಇದು ವೇಷವೆಂದು ಹಿಡಿದುಬಿಟ್ಟರು. ಆ ವೇಷದಲ್ಲಿ ಹೊರಗೆ ಕಾಣುವ ಸಂದುಗಳು ಹೀಗೆ ಹಲವಿದ್ದವು. ಕೇಳುಗರಿಗೆ ಹಾಡಿನ ಹೆಸರುಗಳು, ಕಸುಬುದಾರರಿಗೆ ಅಳತೆ ದರಗಳಿಲ್ಲದ ಸಾಲುಗಳು, ಸಾಮಾನ್ಯ ಓದುಗರಿಗೆ 1962 ಎಂಬ ಇಸವಿ. ಒಳ್ಳೆಯ ಒಗಟಿಗೆ ಒಂದಕ್ಕಿಂತ ಹೆಚ್ಚು ಬಾಗಿಲುಗಳಿರಬೇಕೆಂಬ ನನ್ನ ನಂಬಿಕೆ ಅಂದು ಗಟ್ಟಿಯಾಯಿತು.

ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ ಜನರನ್ನು ಕರೆಯುವ ಕಲೆ ನಮಗೆ ಹೊಸದಲ್ಲ. ಚಿತ್ರಮಂದಿರದ ಹೊರಗೆ ಮಾರುತ್ತಿದ್ದ ಹಳೆಯ ಹಾಡಿನ ಪುಸ್ತಕಗಳಲ್ಲಿ ಕಥಾಸಾರಾಂಶ ಬರೆದು, ಗಂಡಾಂತರದ ಘಟ್ಟಕ್ಕೆ ಬಂದೊಡನೆ ‘ಮುಂದಿನ ಕಥೆಯನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ’ ಎಂದು ಮುಗಿಸುತ್ತಿದ್ದರು. ಅದಕ್ಕೂ ಹಿಂದೆ, ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯ ಕಾಲದಲ್ಲಿ, ಕ್ಯಾಂಪ್ ಹಾಕಿದ ಊರಿನಲ್ಲಿ ಹ್ಯಾಂಡ್‌ಬಿಲ್ ಹಂಚಿ ಜನ ಸೇರಿಸುವುದು ವೃತ್ತಿರಂಗಭೂಮಿಯ ದಿನನಿತ್ಯದ ಕೆಲಸವಾಗಿತ್ತು. ಕುರುಕ್ಷೇತ್ರ ನಾಟಕಕ್ಕೆ ಗುಬ್ಬಿ ವೀರಣ್ಣನವರು ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಕಾಗದದಲ್ಲಿ ಕೊಟ್ಟ ಮಾತನ್ನು ರಂಗದ ಮೇಲೆ ಮೀರಿಸುವ ಆ ಕಂಪನಿಯ ಹೆಸರು ಇಂದಿಗೂ ಉಳಿದಿರುವುದು ಹ್ಯಾಂಡ್‌ಬಿಲ್ಲಿನಿಂದಲ್ಲ, ಆನೆಯಿಂದ. ಟೀಸರನ್ನು ಅಳೆಯುವಾಗ ನಾನು ಹಿಡಿಯುವ ಅಳತೆಗೋಲು ಅದು.

ಜಾಹೀರಾತಿನಿಂದ ಮುಂದೆ ಹೋದವರಿಗೆ ಸಿಕ್ಕಿದ್ದೇನು? ಆ ಸಂಖ್ಯೆಗೆ ಕರೆ ಮಾಡಿದರೆ, ಅಂಗಡಿಯ ಸ್ವಾಗತ ಹೇಳಿ, ಸಿಟ್ಟಾಗಬೇಡಿ, ರಿಪೇರಿ ಮಾಡಿಸಿಕೊಳ್ಳಿ ಎಂಬರ್ಥದ ಧ್ವನಿಮುದ್ರಿತ ಮಾತು ಕೇಳಿಸುತ್ತಿತ್ತು. ಆಲ್ಬಮ್ಮಿನ ಮೊದಲ ಹಾಡಿನ ಹೆಸರು ‘ಆ್ಯಂಗ್ರಿ’ ಎಂದು ಹೊರಬಿದ್ದ ಮೇಲೆ ಆ ಮಾತಿನ ಅರ್ಥ ತಿಳಿಯಿತು. ವೆಬ್‌ಸೈಟಿನಲ್ಲಿ ಅಂಗಡಿಯ ವೇಷವೇ ಮುಂದುವರಿದಿತ್ತು, ಆದರೆ ಪುಟದ ತಳದಲ್ಲಿದ್ದ ಖಾಸಗಿತನದ ನಿಯಮಾವಳಿಯನ್ನು ಒತ್ತಿದರೆ ಅದು ಈ ತಂಡದ ಹಾಡುಗಳನ್ನು ಹೊರತರುವ ಯೂನಿವರ್ಸಲ್ ಮ್ಯೂಸಿಕ್ ಕಂಪನಿಯ ಪುಟಕ್ಕೆ ಕೊಂಡೊಯ್ಯುತ್ತಿತ್ತು. ಸಾಮಾನ್ಯವಾಗಿ ಯಾರೂ ಓದದ ಆ ನಿಯಮಾವಳಿಯನ್ನು ಒತ್ತಿ ನೋಡಿದವರಿಂದಲೇ ಅನುಮಾನ ಖಚಿತವಾಯಿತು. ಇದು ಯೋಜನೆಯ ಭಾಗವೋ ಕಾನೂನಿನ ಕಟ್ಟುಪಾಡೋ, ಹೇಗಿದ್ದರೂ ಅದೂ ಸುಳಿವಾಗಿ ಕೆಲಸ ಮಾಡಿತು.

ಆದರೆ ಪ್ರಚಾರ ಪೂರ್ತಿಯಾಗಿ ಅಂತರಜಾಲಕ್ಕೆ ಇಳಿದ ಮೇಲೆ ಅದರ ಗುಣಮಟ್ಟ ಇಳಿಯಿತು ಎಂಬುದು ನನ್ನ ಅಭಿಪ್ರಾಯ. ಆಮೇಲೆ ಬಂದ ಇನ್ನೊಂದು ಪುಟದಲ್ಲಿ ‘ಆ್ಯಂಗ್ರಿ’ ಹಾಡಿನ ತುಣುಕು ಆರಂಭವಾಗಿ, ಕೆಲವೇ ಸೆಕೆಂಡುಗಳಲ್ಲಿ ಕೆಟ್ಟುಹೋದಂತೆ ನಿಂತುಬಿಡುತ್ತಿತ್ತು. ಹಾಗೆ ನಿಲ್ಲುವಂತೆ ಬೇಕೆಂದೇ ಮಾಡಿದ್ದರು. ಹೆಸರಿಗೆ ತಕ್ಕಂತೆ ಕೇಳುಗನಿಗೆ ಸಿಟ್ಟು ಬರಲಿ ಎಂಬುದು ಅದರ ಹಿಂದಿನ ಆಲೋಚನೆ. ವೇಗದ ಸಂಪರ್ಕವಿರುವ ಊರಿನಲ್ಲಿ ಅದು ತಮಾಷೆಯಾಗಿ ಕಂಡಿರಬಹುದು. ಪಾವಗಡದ ಅಥವಾ ಸಿರಾದ ಹಳ್ಳಿಯೊಂದರಲ್ಲಿ, ಸಿಗ್ನಲ್ ಬರುವ ಮೂಲೆ ಹುಡುಕಿ ನಿಂತು ಪುಟ ತೆರೆದ ಹುಡುಗನಿಗೆ ಅದು ಕಲೆಯೋ ನೆಟ್‌ವರ್ಕಿನ ದೋಷವೋ ತಿಳಿಯುವ ದಾರಿಯೇ ಇರಲಿಲ್ಲ. ಅವನು ಮತ್ತೆ ಮತ್ತೆ ರಿಫ್ರೆಶ್ ಒತ್ತಿ ದಿನದ ಡೇಟಾ ಕಳೆದುಕೊಂಡಿರುತ್ತಾನೆ. ಮುದ್ರಿತ ಜಾಹೀರಾತು ಹ್ಯಾಕ್ನಿಯವನಿಗೂ ತುಮಕೂರಿನವನಿಗೂ ಒಂದೇ ಸಮನಾಗಿ ಕಂಡಿತು. ಆ ಪುಟ ಹಾಗೆ ಕಾಣಲಿಲ್ಲ. ಕೇಳುಗ ಎಲ್ಲಿರುತ್ತಾನೆ, ಹೇಗೆ ಕೇಳುತ್ತಾನೆ ಎಂದು ಯೋಚಿಸದೆ ಮಾಡಿದ ಭಾಗವಿದು. ಇಡೀ ಪ್ರಚಾರದಲ್ಲಿ ನನಗೆ ಹಿಡಿಸದೆ ಹೋದ ಅಂಶಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಘೋಷಣೆಯ ಕಾರ್ಯಕ್ರಮ ಹ್ಯಾಕ್ನಿ ಎಂಪೈರ್ ಎಂಬ ಹಳೆಯ ರಂಗಮಂದಿರದಲ್ಲಿ ನಡೆಯಿತು, ಯೂಟ್ಯೂಬಿನಲ್ಲಿ ನೇರಪ್ರಸಾರವಾಯಿತು. ಲಂಡನ್ನಿನ ಮಧ್ಯಾಹ್ನ ಎರಡೂವರೆ ಎಂದರೆ ನಮ್ಮಲ್ಲಿ ಸಂಜೆ ಏಳು ಗಂಟೆ. ಕೆಲಸ ಮುಗಿಸಿ ಬಂದು ಕಾಫಿ ಹಿಡಿದು ಕೂರುವ ಹೊತ್ತಿಗೆ ಅದು ಸರಿಹೋಯಿತು. ಎಂಬತ್ತು ದಾಟಿದ ಜಾಗರ್, ಎಂಬತ್ತರ ಹೊಸ್ತಿಲಲ್ಲಿದ್ದ ಕೀತ್ ರಿಚರ್ಡ್ಸ್, ಎಪ್ಪತ್ತಾರರ ರಾನಿ ವುಡ್, ತಂಡದ ಈ ಮೂವರನ್ನೂ ಅಮೆರಿಕದ ಟಿವಿ ನಿರೂಪಕ ಜಿಮ್ಮಿ ಫಾಲನ್ ಮಾತನಾಡಿಸಿದರು. ಲಂಡನ್ನಿನ ಆಡುಮಾತಿನಲ್ಲಿ, ಕಳ್ಳರು ಒಡೆದ ಗಾಜು ಬೀದಿಯಲ್ಲಿ ಚೆಲ್ಲಿರುವುದಕ್ಕೆ ‘ಹ್ಯಾಕ್ನಿ ಡೈಮಂಡ್ಸ್’ ಎಂಬ ಹೆಸರಿದೆಯೆಂದು ಅಲ್ಲಿ ವಿವರಿಸಲಾಯಿತು. ಗಾಜಿನಂಗಡಿಯ ವೇಷ ಏಕೆ ಎಂಬುದಕ್ಕೆ ಉತ್ತರ ಅಲ್ಲಿಗೆ ಪೂರ್ತಿಯಾಯಿತು. ಪ್ರಶ್ನೆಗಳು ಮಾತ್ರ ನಗೆಮಾತಿನಿಂದಾಚೆಗೆ ಹೋಗಲಿಲ್ಲ. ಹದಿನೆಂಟು ವರ್ಷ ಸ್ವಂತ ಹಾಡುಗಳ ಆಲ್ಬಂ ಬಾರದೆ ಇದ್ದುದೇಕೆ, 2021ರಲ್ಲಿ ತೀರಿಕೊಂಡ ಡ್ರಮ್ ವಾದಕ ಚಾರ್ಲಿ ವಾಟ್ಸ್ ಇಲ್ಲದ ಸ್ಟುಡಿಯೊ ಹೇಗಿತ್ತು ಎಂಬುದನ್ನು ಇನ್ನಷ್ಟು ಆಳವಾಗಿ ಕೇಳಲು ಆ ವೇದಿಕೆಗಿಂತ ಒಳ್ಳೆಯ ಅವಕಾಶ ಇರಲಿಲ್ಲ. ಅಷ್ಟು ಜಾಣತನದಿಂದ ಜನರನ್ನು ಕರೆದು ತಂದ ಮೇಲೆ, ಕೂರಿಸಿ ಆಡಿದ ಮಾತಿಗೂ ಅಷ್ಟೇ ತೂಕವಿರಬೇಕಾಗಿತ್ತು.

ಈ ಪ್ರಚಾರದ ಬೆಲೆ ತಿಳಿಯಬೇಕಾದರೆ ಹಿಂದಿನ ಕೆಲವನ್ನು ಪಕ್ಕದಲ್ಲಿಟ್ಟು ನೋಡಬೇಕು. ಇವೆಲ್ಲಕ್ಕೂ ಹಿರಿಯಣ್ಣನೆಂದರೆ 2007ರಲ್ಲಿ ನೈನ್ ಇಂಚ್ ನೇಲ್ಸ್ ತಂಡ ‘ಇಯರ್ ಝೀರೊ’ ಆಲ್ಬಮ್ಮಿಗೆ ಕಟ್ಟಿದ ಆಟ. ಫೆಬ್ರವರಿಯಲ್ಲಿ ಲಿಸ್ಬನ್ನಿನ ಕಾರ್ಯಕ್ರಮದಲ್ಲಿ ಮಾರಿದ ಅಂಗಿಯ ಬೆನ್ನಿನ ಮೇಲೆ ಪ್ರವಾಸದ ಊರುಗಳ ಪಟ್ಟಿಯಿತ್ತು, ಅದರಲ್ಲಿ ಕೆಲವು ಅಕ್ಷರಗಳು ಮಾತ್ರ ದಪ್ಪಗಿದ್ದವು. ಅವುಗಳನ್ನು ಕೂಡಿಸಿದರೆ, ನಂಬಲು ಯತ್ನಿಸುತ್ತಿದ್ದೇನೆ ಎಂಬ ಅರ್ಥದ ಇಂಗ್ಲಿಷ್ ವಾಕ್ಯ. ಅದೇ ಹೆಸರಿನ ವೆಬ್‌ಸೈಟು ತೆರೆದವರಿಗೆ, ನೀರಿಗೆ ಔಷಧಿ ಬೆರೆಸಿ ಪ್ರಜೆಗಳನ್ನು ಮಂಕಾಗಿಸುವ ಭವಿಷ್ಯದ ಅಮೆರಿಕದ ಕಥೆ ಕಾದಿತ್ತು. ಸಭಾಂಗಣದ ಶೌಚಾಲಯದಲ್ಲಿ ಯುಎಸ್‌ಬಿ ಡ್ರೈವ್ ಬಿಟ್ಟು ಹೋಗಿದ್ದರು, ಅದರಲ್ಲಿ ಬಿಡುಗಡೆಯಾಗದ ಹಾಡಿತ್ತು. ಹಾಡಿನ ಕೊನೆಯಲ್ಲಿ ಬರುವ ಗರಗರ ಸದ್ದನ್ನು ಕಂಪ್ಯೂಟರಿನಲ್ಲಿ ತರಂಗಚಿತ್ರವಾಗಿ ಬಿಡಿಸಿದರೆ ಆಕಾಶದಿಂದ ಕೆಳಗೆ ಚಾಚಿದ ದೈತ್ಯ ಕೈಯೊಂದು ಮೂಡುತ್ತಿತ್ತು. ಏಪ್ರಿಲಿನಲ್ಲಿ ಆಲ್ಬಂ ಬಂದಾಗ ಆ ಸಿಡಿಯೇ ಒಗಟಾಗಿತ್ತು. ಪ್ಲೇಯರಿನಲ್ಲಿ ಬಿಸಿಯಾಗಿ ಹೊರತೆಗೆದಾಗ ಅದರ ಕಪ್ಪು ಮೇಲ್ಮೈ ಬೆಳ್ಳಗಾಗಿ, ಅಡಗಿದ್ದ ಸಂಖ್ಯೆಗಳು ಕಾಣಿಸುತ್ತಿದ್ದವು. ಕೊನೆಗೆ ಲಾಸ್ ಏಂಜಲೀಸಿನಲ್ಲಿ ಆಯ್ದ ಅಭಿಮಾನಿಗಳನ್ನು ಗುಪ್ತಸಭೆಗೆ ಕರೆದೊಯ್ದು, ತಂಡ ಹಾಡುತ್ತಿರುವಾಗಲೇ ಪೊಲೀಸ್ ವೇಷದವರು ನುಗ್ಗಿ ಸಭೆ ಚದುರಿಸಿದಂತೆ ಆಡಿ ತೋರಿಸಿದರು.

ಈ ಆಟವನ್ನು ರೂಪಿಸಿದ್ದು 42 ಎಂಟರ್‌ಟೇನ್‌ಮೆಂಟ್ ಎಂಬ ಸಂಸ್ಥೆ. ಟೀಸರ್ ಪ್ರಚಾರದ ಇತಿಹಾಸದಲ್ಲಿ ಇದಕ್ಕಿಂತ ಶ್ರೀಮಂತವಾದದ್ದನ್ನು ನಾನು ಕಂಡಿಲ್ಲ. ಅಲ್ಲಿ ಒಗಟು ಆಲ್ಬಮ್ಮಿನ ಹೊರಗೆ ಅಂಟಿಸಿದ ಕಾಗದವಾಗಿರಲಿಲ್ಲ, ಹಾಡುಗಳು ಹೇಳುವ ಕಥೆಯ ಒಳಗೇ ಅದು ಹುಟ್ಟಿತ್ತು. ಸರ್ಕಾರವನ್ನು, ಸುದ್ದಿಯನ್ನು, ಕುಡಿಯುವ ನೀರನ್ನೂ ಅನುಮಾನಿಸಬೇಕಾದ ಲೋಕದ ಹಾಡುಗಳಿಗೆ, ಎಲ್ಲವನ್ನೂ ಅನುಮಾನಿಸುತ್ತ ಹುಡುಕುವ ಆಟವೇ ತಕ್ಕ ಮುನ್ನುಡಿ. ಆ ಕಾಲಕ್ಕೆ ನಮ್ಮೂರಿನ ಸೈಬರ್ ಸೆಂಟರುಗಳಲ್ಲಿ ಗಂಟೆಯ ಲೆಕ್ಕದಲ್ಲಿ ದುಡ್ಡು ಕೊಟ್ಟು, ಮಂದಗತಿಯ ಸಂಪರ್ಕದಲ್ಲಿ ಚಿತ್ರಗಳು ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ತೆರೆಯುವುದನ್ನು ಕಾಯುತ್ತಿದ್ದ ಕಾಲೇಜು ಹುಡುಗರಿಗೆ ಲಿಸ್ಬನ್ನಿನ ಅಂಗಿಯೂ ಸಿಗಲಿಲ್ಲ, ಶೌಚಾಲಯದ ಡ್ರೈವೂ ಸಿಗಲಿಲ್ಲ. ಸಿಕ್ಕವರು ಹಂಚಿಕೊಂಡದ್ದನ್ನು ನೋಡಿದೆವು. ಬೇರೆಯವರು ಬಿಡಿಸಿದ ಒಗಟಿನ ಉತ್ತರ ಓದುವುದರಲ್ಲೂ ಸಂತೋಷವಿದೆ, ಆದರೆ ಅದು ಆಟಗಾರನ ಸಂತೋಷವಲ್ಲ. ಆಳದಲ್ಲಿ ‘ಇಯರ್ ಝೀರೊ’ ಮುಂದಿದೆ. ದೂರದಲ್ಲಿರುವವನ ಕೈಗೂ ಕೀಲಿ ಕೊಡುವುದರಲ್ಲಿ ‘ಹ್ಯಾಕ್ನಿ ಡೈಮಂಡ್ಸ್’ ಮುಂದಿದೆ.

2016ರಲ್ಲಿ ರೇಡಿಯೊಹೆಡ್ ತಂಡ ಮಾಡಿದ್ದು ಇದಕ್ಕೆ ವಿರುದ್ಧ ದಿಕ್ಕಿನದು. ಅದು ಇದ್ದದ್ದನ್ನೆಲ್ಲ ಅಳಿಸಿತು. ಮೇ 1ರಂದು ತಂಡದ ವೆಬ್‌ಸೈಟು ಸ್ವಲ್ಪಸ್ವಲ್ಪವಾಗಿ ಮಾಸುತ್ತ ಪೂರ್ತಿ ಬಿಳಿಯಾಯಿತು, ಸಾಮಾಜಿಕ ಮಾಧ್ಯಮಗಳ ಹಳೆಯ ಬರಹಗಳೆಲ್ಲ ಕಾಣೆಯಾದವು. ಮೇ 3ಕ್ಕೆ ಮೊದಲ ಹಾಡು, ಮೇ 8ಕ್ಕೆ ಆಲ್ಬಂ. ಒಂದೇ ವಾರದಲ್ಲಿ ಎಲ್ಲ ಮುಗಿಯಿತು. ಖರ್ಚಿಲ್ಲದ, ಮಾತಿಲ್ಲದ ಆ ಕ್ರಮ ಲಂಡನ್ನಿನವನಿಗೂ ಮಧುಗಿರಿಯವನಿಗೂ ಒಂದೇ ರೀತಿ ಎಟುಕಿತು. ಬರಿದಾದ ಪುಟವನ್ನು ನೋಡಲು ಯಾವ ಟಿಕೆಟ್ಟೂ ಬೇಡ.

ಇನ್ನು 1994ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ‘ಡಿವಿಷನ್ ಬೆಲ್’ ಸುತ್ತ ಹುಟ್ಟಿದ ಒಗಟನ್ನು ಹೆಸರಿಸದೆ ಬಿಡಲಾಗದು. ಪಬ್ಲಿಯಸ್ ಎಂಬ ಹೆಸರಿನಲ್ಲಿ ಅನಾಮಿಕನೊಬ್ಬ ಅಂತರಜಾಲದಲ್ಲಿ ಬರೆದು, ಆಲ್ಬಮ್ಮಿನೊಳಗೆ ಒಗಟಿದೆ, ಬಿಡಿಸಿದವರಿಗೆ ಬಹುಮಾನವಿದೆ ಎಂದ. ತನ್ನ ಮಾತಿಗೆ ಸಾಕ್ಷಿಯೆಂದು ಮುಂಚಿತವಾಗಿ ಸೂಚಿಸಿದಂತೆ ಜುಲೈ 18ರಂದು ನ್ಯೂ ಜೆರ್ಸಿಯ ಕಾರ್ಯಕ್ರಮದ ವೇದಿಕೆಯ ದೀಪಗಳು ಆ ಹೆಸರನ್ನು ಬರೆದೂ ತೋರಿಸಿದವು. ಒಗಟು ಇಂದಿಗೂ ಬಿಡಿಸಲ್ಪಟ್ಟಿಲ್ಲ. ಮೂವತ್ತು ವರ್ಷ ಹುಡುಕಿದವರ ನಿಷ್ಠೆಗೆ ಉತ್ತರ ಕೊಡದೆ ಬಿಟ್ಟದ್ದನ್ನು ಕೆಲವರು ಅದರ ಸೊಗಸೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹುಡುಕಲು ಕರೆದವರಿಗೆ, ಹುಡುಕಿದವರಿಗೆ ಏನಾದರೂ ಸಿಗುವಂತೆ ಮಾಡುವ ಜವಾಬ್ದಾರಿಯಿದೆ.

ನಮ್ಮೂರಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರಿಗೆ ಸ್ಟೋನ್ಸ್‌ಗಿಂತ ಹತ್ತಿರವಾದದ್ದು ಲಿಂಕಿನ್ ಪಾರ್ಕ್. ಗಾಯಕ ಚೆಸ್ಟರ್ ಬೆನಿಂಗ್ಟನ್ 2017ರ ಜುಲೈನಲ್ಲಿ ತೀರಿಕೊಂಡ ಮೇಲೆ ಮೌನವಾಗಿದ್ದ ಆ ತಂಡ 2024ರ ಆಗಸ್ಟಿನಲ್ಲಿ ತನ್ನ ಪುಟಗಳಲ್ಲಿ ನೂರು ಗಂಟೆಗಳ ಗಡಿಯಾರವನ್ನು ಹಿಮ್ಮುಖವಾಗಿ ಓಡಿಸಿತು. ಅದು ಸೊನ್ನೆಗೆ ಬಂದಾಗ ಏನೂ ಆಗಲಿಲ್ಲ, ಗಡಿಯಾರ ಮುಮ್ಮುಖವಾಗಿ ಓಡತೊಡಗಿತು. ಸೆಪ್ಟೆಂಬರ್ 5ರ ನೇರಪ್ರಸಾರದಲ್ಲಿ ಹೊಸ ಗಾಯಕಿ ಎಮಿಲಿ ಆರ್ಮ್‌ಸ್ಟ್ರಾಂಗ್ ಅವರನ್ನೂ, ನವೆಂಬರ್ 15ಕ್ಕೆ ಬರಲಿದ್ದ ‘ಫ್ರಮ್ ಝೀರೊ’ ಆಲ್ಬಮ್ಮನ್ನೂ ಪ್ರಕಟಿಸಿದರು. ಆ ನೇರಪ್ರಸಾರದ ಹೊತ್ತು ನಮ್ಮಲ್ಲಿ 6ನೆಯ ತಾರೀಖಿನ ನಸುಕು. ಹಾಸ್ಟೆಲಿನಲ್ಲಿ ಅಲಾರಂ ಇಟ್ಟು ಎದ್ದು ನೋಡಿದ ವಿದ್ಯಾರ್ಥಿಯೊಬ್ಬ ನನಗೆ ಹೇಳಿದ್ದು ಹೀಗೆ: “ಸೊನ್ನೆಗೆ ಬಂದಾಗ ಏನೂ ಬರಲಿಲ್ಲ ಅಂತ ಬೇಜಾರಾಯ್ತು ಸರ್. ಆದ್ರೆ ಹೊಸಬರು ಹಾಡೋಕೆ ಶುರು ಮಾಡಿದಾಗ ರೂಮಲ್ಲಿ ಒಬ್ಬರೂ ಮಾತಾಡಲಿಲ್ಲ.” ಗಡಿಯಾರದಲ್ಲಿ ಬಿಡಿಸುವಂಥದ್ದೇನೂ ಇರಲಿಲ್ಲ, ಕಾಯುವುದಷ್ಟೇ ಇತ್ತು. ಒಗಟಾಗಿ ಅದು ಬಡವಾದದ್ದು. ಆದರೆ ಏಳು ವರ್ಷ ಒಬ್ಬರ ದನಿಗಾಗಿ ದುಃಖಿಸಿದ ಕೇಳುಗರಿಗೆ, ಇನ್ನೊಬ್ಬರ ದನಿಯನ್ನು ಕೇಳಿಸುವ ಮುನ್ನ ಸ್ವಲ್ಪ ಹೊತ್ತು ಕೊಟ್ಟಿತೆಂಬ ಕಾರಣಕ್ಕೆ ನಾನು ಅದನ್ನು ಪೂರ್ತಿ ತಳ್ಳಿಹಾಕಲಾರೆ.

ಪತ್ರಿಕೆಯ ಜಾಹೀರಾತು ಸ್ಟೋನ್ಸ್ ತಂಡದ ಸ್ವಂತ ಆವಿಷ್ಕಾರವೂ ಅಲ್ಲ. 2019ರಲ್ಲಿ ಕೋಲ್ಡ್‌ಪ್ಲೇ ತಂಡ ತನ್ನ ಹೊಸ ಆಲ್ಬಮ್ಮಿನ ಹಾಡುಗಳ ಪಟ್ಟಿಯನ್ನು ವೇಲ್ಸ್ ಪ್ರಾಂತದ ಪತ್ರಿಕೆಯೊಂದರ ವರ್ಗೀಕೃತ ಜಾಹೀರಾತುಗಳ ನಡುವೆ ಹಾಕಿಸಿತ್ತು. ಗಿಟಾರ್ ವಾದಕ ಜಾನಿ ಬಕ್ಲೆಂಡ್ ಹುಡುಗನಾಗಿದ್ದಾಗ ರಜೆಯಲ್ಲಿ ಕೆಲಸ ಮಾಡಿದ್ದ ಪತ್ರಿಕೆಯದು. ಆದರೆ ಅಲ್ಲಿ ಪಟ್ಟಿ ನೇರವಾಗಿತ್ತು, ವೇಷವಿರಲಿಲ್ಲ. ಸ್ಟೋನ್ಸ್ ತಂಡದ ಜಾಹೀರಾತು ಅಂಗಡಿಯೊಂದನ್ನೇ ಹುಟ್ಟಿಸಿ, ಅದಕ್ಕೆ ಫೋನು ಕೊಟ್ಟು, ಫೋನಿಗೆ ದನಿ ಕೊಟ್ಟು, ಆ ದನಿಯಲ್ಲಿ ಮೊದಲ ಹಾಡಿನ ಹೆಸರನ್ನಿಟ್ಟಿತು. ಈ ಹೆಣಿಗೆಯೇ ಅದರ ಹೆಚ್ಚುಗಾರಿಕೆ.

ಇಷ್ಟೆಲ್ಲ ಆದ ಮೇಲೆ ಆನೆ ರಂಗದ ಮೇಲೆ ಬಂತೆ? ಬಂತು ಎಂದೇ ನನ್ನ ಉತ್ತರ. ಆ್ಯಂಡ್ರೂ ವಾಟ್ ನಿರ್ಮಾಣದ ಹನ್ನೆರಡು ಹಾಡುಗಳಲ್ಲಿ ಎರಡರಲ್ಲಿ ಚಾರ್ಲಿ ವಾಟ್ಸ್ ಅವರ ಡ್ರಮ್ ಇದೆ. ಅವುಗಳ ಪೈಕಿ ‘ಲಿವ್ ಬೈ ದ ಸೋರ್ಡ್’ ಹಾಡಿಗೆ, ದಶಕಗಳ ಹಿಂದೆ ತಂಡ ಬಿಟ್ಟಿದ್ದ ಬಿಲ್ ವೈಮನ್ ಮರಳಿ ಬಂದು ಬಾಸ್ ಗಿಟಾರ್ ನುಡಿಸಿದ್ದಾರೆ. ‘ಸ್ವೀಟ್ ಸೌಂಡ್ಸ್ ಆಫ್ ಹೆವನ್’ ಹಾಡಿನಲ್ಲಿ ಸ್ಟೀವಿ ವಂಡರ್ ಅವರ ಪಿಯಾನೊ ಹಾಗೂ ಲೇಡಿ ಗಾಗಾ ಅವರ ದನಿ ಸೇರಿ, ಮುಗಿಯಿತೆಂದುಕೊಂಡಲ್ಲಿ ಹಾಡು ಮತ್ತೆ ಏಳುತ್ತದೆ. ಅಲ್ಲಿ ಜಾಗರ್ ಅವರ ಗಂಟಲಿನಲ್ಲಿ ವಯಸ್ಸಿನ ಸುಳಿವೇ ಇಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೂಡ ಒಂದು ಹಾಡಿಗೆ ಬಾಸ್ ನುಡಿಸಿದ್ದಾರೆ. 2025ರಲ್ಲಿ ಅತ್ಯುತ್ತಮ ರಾಕ್ ಆಲ್ಬಮ್ಮಿನ ಗ್ರಾಮಿ ಪ್ರಶಸ್ತಿಯೂ ಇದಕ್ಕೆ ಬಂತು. ಮಧ್ಯದ ಒಂದೆರಡು ಹಾಡುಗಳು ನಯವಾಗಿ ಉಜ್ಜಿದಂತಿದ್ದು, ಹಳೆಯ ಒರಟುತನ ಬೇಕೆನ್ನುವವರಿಗೆ ರುಚಿಸದಿರಬಹುದು. ‘ಆ್ಯಂಗ್ರಿ’ ಕೂಡ ಆ ಪಟ್ಟಿಗೇ ಸೇರುತ್ತದೆ. ಅಷ್ಟು ಕಾಯಿಸಿ ಮೊದಲು ಕೊಡಬೇಕಾಗಿದ್ದ ಹಾಡು ಅದಾಗಿರಲಿಲ್ಲ.

ಸ್ವಂತ ಹಾಡುಗಳನ್ನು ಹೊರತರಬೇಕೆಂದು ನಮ್ಮೂರಿನಲ್ಲಿ ಓಡಾಡುತ್ತಿರುವ ಯುವಕರ ತಂಡವೊಂದಿದೆ. ಕನ್ನಡದಲ್ಲೇ ಬರೆದು, ಬಾಡಿಗೆ ಕೋಣೆಯಲ್ಲಿ ಅಭ್ಯಾಸ ಮಾಡುವ ಹುಡುಗರು. ಅವರು ಟೀಸರ್ ಬಗ್ಗೆ ಕೇಳಿದಾಗ ಈ ಜಾಹೀರಾತಿನ ಚಿತ್ರವನ್ನೇ ಕಳುಹಿಸಿದೆ. ಕ್ಷಣಗಣನೆಯ ಪೋಸ್ಟರುಗಳನ್ನು ಅವರು ಈಗಾಗಲೇ ಮಾಡಿಸಿದ್ದರು. ಅವುಗಳ ಬದಲು ಜಿಲ್ಲಾ ಪತ್ರಿಕೆಯ ನಾಲ್ಕು ಸಾಲಿನ ಜಾಗ ಕೊಳ್ಳುವುದು ಅವರ ಜೇಬಿಗೂ ಹಗುರ, ಊರಿನವರಿಗೂ ಹತ್ತಿರ. ಆದರೆ ಸ್ಟೋನ್ಸ್ ತಂಡಕ್ಕೆ ಅಡಗಿಸಿಡಲು ಅರವತ್ತು ವರ್ಷದ ಹಾಡುಗಳಿದ್ದವು, ಇವರಿಗೆ ಇನ್ನೂ ಊರಿಗೆ ಗೊತ್ತಿರುವ ಹಾಡು ಒಂದೂ ಇಲ್ಲ. ಆದ್ದರಿಂದ ಅವರ ಒಗಟಿನ ಕೀಲಿ ಹಾಡಿನಲ್ಲಿರಲಾರದು, ಊರಿನಲ್ಲಿರಬೇಕು. ಅಮಾನಿಕೆರೆಯ ಏರಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನ ಮುಂಜಾನೆಯ ಸಾಲು, ಟೌನ್ ಹಾಲ್ ವೃತ್ತ, ಇವು ಇಲ್ಲಿಯ ಎಲ್ಲರಿಗೂ ಬಾಯಿಪಾಠವಾದವುಗಳು. ಅವರು ಅದರ ಮೇಲೆ ಕೆಲಸ ಮಾಡುತ್ತಿದ್ದಾರೆ.

‘ಹ್ಯಾಕ್ನಿ ಡೈಮಂಡ್ಸ್’ ಪ್ರಚಾರವನ್ನು ಇಂದು ಅನುಭವಿಸಬಯಸುವವರಿಗೆ ಒಂದು ಕ್ರಮ ಸೂಚಿಸುತ್ತೇನೆ. ಮೊದಲು ಪತ್ರಿಕೆಯ ಜಾಹೀರಾತಿನ ಚಿತ್ರವನ್ನು ಹುಡುಕಿ, ದೊಡ್ಡದು ಮಾಡಿ ಓದಿ. ಪಿಯುಸಿ ಮಟ್ಟದ ಇಂಗ್ಲಿಷ್ ಸಾಕು. ಅದರಲ್ಲಿ ಅಡಗಿರುವ ಮೂರು ಹಳೆಯ ಹಾಡುಗಳನ್ನು ಬಿಡುಗಡೆಯಾದ ವರ್ಷದ ಕ್ರಮದಲ್ಲಿ ಕೇಳಿ. 1969ರ ಹಾಡಿನಲ್ಲಿ ಮೆರಿ ಕ್ಲೇಟನ್ ಎಂಬ ಗಾಯಕಿಯ ದನಿ ಮೇಲಕ್ಕೇರುತ್ತ ಒಡೆಯುವ ಜಾಗವನ್ನು ಹೆಡ್‌ಫೋನ್ ಹಾಕಿಕೊಂಡು ಗಮನಿಸಿ. ಆಮೇಲೆ ಹೊಸ ಆಲ್ಬಮ್ಮಿನ ‘ಲಿವ್ ಬೈ ದ ಸೋರ್ಡ್’ ಮತ್ತು ‘ಸ್ವೀಟ್ ಸೌಂಡ್ಸ್ ಆಫ್ ಹೆವನ್’ ಕೇಳಿ. ಘೋಷಣೆಯ ಸಂದರ್ಶನವನ್ನು ಕೊನೆಗೆ ಇಟ್ಟುಕೊಳ್ಳಿ, ಸಮಯವಿಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ.